ಸ್ಟೆಪ್ ಇರ್ಲಿ, ಮೊದಲು ನೆಟ್ಟಗೆ ನಿಲ್ಲೋಣ

ಫೆಸ್ಟ್ ಹತ್ತಿರ ಬಂತು ಅಂದ್ರೆ ನಮ್ಮ ಪಾರ್ಕಿಂಗ್ ಜಾಗವೆಲ್ಲ ಡ್ಯಾನ್ಸ್ ಫ್ಲೋರ್ ಆಗಿಬಿಡುತ್ತೆ. ಮೊಬೈಲ್‌ನಲ್ಲಿ ವಿಡಿಯೋ ಹಾಕ್ಕೊಂಡು ಸಾಲ್ಸಾ ಕಲಿಯೋ ಜೋಡಿಗಳು ಒಂದು ಕಡೆ, ನೋಡಿ ನಗೋರು ಇನ್ನೊಂದು ಕಡೆ. ಹೋದ ವರ್ಷ ಆ ಜೋಡಿಗಳಲ್ಲಿ ನಾನೂ ಒಬ್ಬ. ಎರಡು ವಾರ ಬರೀ ಸ್ಟೆಪ್ ಎಣಿಸಿದ್ದೇ ಬಂತು. ಬ್ಯಾಲೆನ್ಸ್ ತಪ್ಪಿದಾಗಲೆಲ್ಲ ಪಾರ್ಟ್ನರ್ ಕೈ ಜಗ್ಗಿ ನಿಂತುಕೊಳ್ತಿದ್ದೆ. ಒಂದು ಸಂಜೆ ಅವಳು ಭುಜ ಹಿಡ್ಕೊಂಡು ಕೂತುಬಿಟ್ಟಳು. "ನೀನು ನನ್ನ ಜೊತೆ ಕುಣೀತಿಲ್ಲ ಕಣೋ, ನನ್ನ ಮೇಲೆ ನೇತಾಡ್ತಿದ್ದೀಯ" ಅಂದಳು. ನಾವು ಸ್ಟೇಜ್ ಹತ್ತಲೇ ಇಲ್ಲ.

ಜೋಡಿ ನೃತ್ಯದಲ್ಲಿ ನಿಲುವು ಫೋಟೋಗೆ ಚೆಂದ ಕಾಣಲಿಕ್ಕೆ ಅಂತ ಅಂದುಕೊಂಡಿದ್ದೆ. ನಮ್ಮ ಭಾರ ನಾವೇ ಹೊರೋದು ಅದರ ಮೊದಲ ಕೆಲಸ ಅಂತ ಆವತ್ತು ಗೊತ್ತಾಯ್ತು.

ಮೆಕ್ಯಾನಿಕ್ಸ್ ಕ್ಲಾಸ್ ನೆನಪಿಸ್ಕೊಳ್ಳಿ. ತಲೆಯ ತೂಕ ಸುಮಾರು 5 ಕೆಜಿ. ಲ್ಯಾಪ್‌ಟಾಪ್ ಮುಂದೆ ಬಗ್ಗಿ ಬಗ್ಗಿ ನಮ್ಮ ತಲೆ ಭುಜಕ್ಕಿಂತ ಮುಂದೆ ಬಂದು ಕೂತಿದೆ. ದೂರ ಹೆಚ್ಚಿದಷ್ಟೂ ಮೊಮೆಂಟ್ ಹೆಚ್ಚು. ಗುರುತ್ವ ಕೇಂದ್ರ ಪಾದದ ಆಚೆ ಹೋದ್ರೆ ಹೆಜ್ಜೆ ಇಡಬೇಕು, ಬೀಳಬೇಕು, ಇಲ್ಲಾ ಯಾರನ್ನಾದ್ರೂ ಹಿಡೀಬೇಕು. ನಾನು ಹಿಡಿದೆ.

ಹಾಗಂತ ಎನ್‌ಸಿಸಿ ಪರೇಡ್ ತರ ಎದೆ ಉಬ್ಬಿಸಿದ್ರೂ ಪ್ರಯೋಜನ ಇಲ್ಲ. ಸೊಂಟ ಬಿಗಿಯುತ್ತೆ, ಅಷ್ಟೇ. ನೆತ್ತಿಯನ್ನ ಯಾರೋ ದಾರ ಕಟ್ಟಿ ಮೇಲಕ್ಕೆಳೆದ ಹಾಗೆ ನಿಲ್ಲಿ. ಭುಜ ಕೆಳಗೆ ಬಿಡಿ, ಮಂಡಿ ಸಡಿಲ ಇರಲಿ, ಮೊಣಕೈ ಮೈಯಿಂದ ತುಸು ಮುಂದಿರಲಿ. ಕಣ್ಣು ಕಾಲಿನ ಕಡೆ ಹೋದ್ರೆ ತಲೆಯೂ ಹಿಂದೆಯೇ ಹೋಗುತ್ತೆ. ಒಂದೊಂದು ಹೆಜ್ಜೆ ಇಟ್ಟು, ಒಂಟಿ ಕಾಲಲ್ಲಿ ಮೂರು ಎಣಿಸಿ. ಆಮೇಲೆ ಪಾರ್ಟ್ನರ್ ಜೊತೆ ಅಂಗೈಗೆ ಅಂಗೈ ತಾಗಿಸಿ, ಹಿಡಿಯದೆ, ನಡೆದು ನೋಡಿ.

"ಅರ್ಜೆಂಟೀನಾದ ಟ್ಯಾಂಗೋದಲ್ಲಿ ಒರಗಿಕೊಂಡೇ ಕುಣೀತಾರಲ್ಲ?" ಅಂತ ಗೆಳೆಯನೊಬ್ಬ ವಾದ ಮಾಡಿದ. ಕೆಲವು ಶೈಲಿಗಳಲ್ಲಿ ಹೌದು. ಆದರೆ ಅಲ್ಲಿ ಇಬ್ಬರೂ ಒಪ್ಪಿ, ಅಳತೆಯಲ್ಲಿ ಒರಗ್ತಾರೆ. ಹೇಳದೆ ಕೇಳದೆ ಭಾರ ಹಾಕೋದೇ ಬೇರೆ.

ಡ್ಯಾನ್ಸ್ ಟೀಮ್‌ನವರಿಗೆ ನನ್ನದೊಂದು ಮನವಿ: ಈ ಸಲ ಮೊದಲ ವಾರ ಸ್ಟೆಪ್ ಬೇಡ, ನಿಲ್ಲೋದು ಮತ್ತು ನಡೆಯೋದು ಮಾತ್ರ ಕಲಿಸಿ. ಬೋರ್ ಹೊಡೆಯುತ್ತೆ, ನಿಜ. ಆದ್ರೆ ಯಾರ ಭುಜವೂ ನೋಯಲ್ಲ.

ಅವಳಿಗೆ ನಾನಿನ್ನೂ ಸರಿಯಾಗಿ ಸಾರಿ ಕೇಳಿಲ್ಲ. ಈ ಸಲ ನೆಟ್ಟಗೆ ನಿಂತು ಕೇಳ್ತೀನಿ.