ಮುಡಿಗೆ ಯಾರ ಅಪ್ಪಣೆ?

ಕಾಲೇಜೊಂದರ ವಾರ್ಷಿಕೋತ್ಸವಕ್ಕೆ ಬಂದಿದ್ದ ಅತಿಥಿಯೊಬ್ಬರು ಹೆಣ್ಣುಮಕ್ಕಳ ಸಾಲಿನತ್ತ ತಿರುಗಿ, "ಆತ್ಮವಿಶ್ವಾಸ ತಲೆಯ ಒಳಗಿರಬೇಕಮ್ಮ, ತಲೆಯ ಮೇಲಿನ ಹೂವಿನಲ್ಲಲ್ಲ" ಎಂದರು. ಜೋರು ಚಪ್ಪಾಳೆ ಬಿತ್ತು. ಇಂಥ ಮಾತಿಗೆ ಬೀಳದೆ ಇರುವುದಿಲ್ಲ. ಹೇಳುವವರಿಗೆ ಖರ್ಚಿಲ್ಲ, ಕೇಳುವವರಿಗೆ ಕೆಲಸವಿಲ್ಲ. ಅತಿಥಿಗಳ ಮೀಸೆಗೆ ಹೊಸದಾಗಿ ಕಪ್ಪು ಬಿದ್ದಿತ್ತು, ಅಂಗಿಯ ತೋಳಿನ ಇಸ್ತ್ರಿಗೆರೆ ಕೈ ಕುಯ್ಯುವಷ್ಟು ಹರಿತವಾಗಿತ್ತು ಎಂದರೆ ಚಾಡಿಯಾದೀತು. ಆದರೂ ಹೇಳಿಬಿಟ್ಟೆ.

ಕಣ್ಣಿಗೊಂದು ಎಳೆ ಕಾಡಿಗೆ, ಮುಡಿಗೊಂದು ತುಂಡು ಹೂವು, ಒಪ್ಪವಾಗಿ ಬಾಚಿದ ತಲೆ, ಮಡಿಕೆ ಮುರಿಯದ ಅಂಗಿ: ಇವು ಧೈರ್ಯ ಕೊಡುತ್ತವೆ. ಅದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಇವುಗಳಿಂದ ಚೆಂದ ಎಷ್ಟು ಹೆಚ್ಚುತ್ತದೋ ನನಗೆ ಗೊತ್ತಿಲ್ಲ. ದಿನವಿಡೀ ಇನ್ನೊಬ್ಬರು ಹೇಳಿದಂತೆ ನಡೆಯಬೇಕಾದವರಿಗೆ, ಬೆಳಿಗ್ಗೆ ಕನ್ನಡಿಯ ಮುಂದೆ ತಮ್ಮದೇ ಒಂದು ತೀರ್ಮಾನ ನಡೆಯಿತಲ್ಲ, ಧೈರ್ಯದ ಮೂಲ ಅಲ್ಲಿದೆ ಎಂಬುದು ನನ್ನ ವಾದ.

ಗಂಡಸರಿಗೆ ಇದು ಗೊತ್ತಿಲ್ಲವೆಂದಲ್ಲ. ನಂಬದವರು ಚುನಾವಣೆಯ ಹೊತ್ತಿಗೆ ನಮ್ಮ ಕೋಲಾರ ಜಿಲ್ಲೆಯ ಕುರುಡುಮಲೆಗೆ ಬರಬೇಕು. ಮುಳಬಾಗಿಲಿನ ಮಗ್ಗುಲಲ್ಲೇ ಇರುವ ಈ ಊರಿನ ಗಣಪ 13.5 ಅಡಿ ಎತ್ತರದ ಏಕಶಿಲೆಯವನು. ತ್ರಿಮೂರ್ತಿಗಳೇ ಕೂಡಿ ಪ್ರತಿಷ್ಠಾಪಿಸಿದರೆಂದು ಸ್ಥಳಪುರಾಣ. ಇಲ್ಲಿ ಕೈಮುಗಿದು ಹೊರಟರೆ ಕೆಲಸ ಕೆಡುವುದಿಲ್ಲವೆಂಬ ನಂಬಿಕೆ ರಾಜಕಾರಣಿಗಳಲ್ಲಿ ಬೇರೂರಿದೆ. ಎಸ್.ಎಂ. ಕೃಷ್ಣ ಅವರ 1999ರ ಪಾಂಚಜನ್ಯ ಯಾತ್ರೆ ಹೊರಟದ್ದು ಇಲ್ಲಿಂದ. 2022ರ ನವೆಂಬರಿನಲ್ಲಿ ಕುಮಾರಸ್ವಾಮಿಯವರ ಪಂಚರತ್ನ ಯಾತ್ರೆ, 2023ರ ಫೆಬ್ರವರಿಯಲ್ಲಿ ಡಿ.ಕೆ. ಶಿವಕುಮಾರ್ ಅವರ ಪ್ರಜಾಧ್ವನಿ ಯಾತ್ರೆ ಕೂಡ ಈ ಗಣಪನಿಗೆ ಕೈಮುಗಿದೇ ಮುಂದೆ ಸಾಗಿದವು. ಅಂಥ ದಿನ ದೇವಸ್ಥಾನದ ಮುಂದೆ ನಿಂತು ಬರುವವರನ್ನು ನೋಡಿ. ಗಂಜಿ ಹಾಕಿದ ಬಿಳಿ ಅಂಗಿ, ಹೆಗಲಿಗೆ ಪಕ್ಷದ ಬಣ್ಣದ ಶಾಲು, ಹಣೆಯಲ್ಲಿ ಉದ್ದನೆಯ ಕುಂಕುಮ, ಜೇಬಿನಿಂದ ಇಣುಕುವ ಚಿಕ್ಕ ಬಾಚಣಿಗೆ. ಕಾರಿನಿಂದ ಇಳಿಯುವ ಮುಂಚೆ ಒಳಗಿನ ಕನ್ನಡಿಯಲ್ಲಿ ಒಮ್ಮೆ ಮುಖ ನೋಡಿಕೊಳ್ಳದವರು ಕಡಿಮೆ. ಅದಕ್ಕೆ ಯಾರೂ ಅಲಂಕಾರ ಎನ್ನುವುದಿಲ್ಲ, 'ವ್ಯಕ್ತಿತ್ವ' ಎನ್ನುತ್ತಾರೆ. ಗರ್ಭಗುಡಿಯಲ್ಲಿ ಕೂತ ಗಣಪನಿಗೂ ಹೂವಿನ ಅಲಂಕಾರ ತಪ್ಪಿದ್ದಲ್ಲ, ಅವನಿಗೆ ಆತ್ಮವಿಶ್ವಾಸದ ಕೊರತೆಯೆಂದು ಭಾಷಣ ಮಾಡಿದವರನ್ನು ನಾನು ಕಂಡಿಲ್ಲ.

ಇನ್ನು ನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಹೋಗುವ ಬಸ್ಸು. ನಸುಕಿನ ಪಾಳಿಗೆ ಹೊರಟ ಹುಡುಗಿಯರು, ಅರ್ಧ ನಿದ್ದೆ. ಒಬ್ಬಳು ಟಿಫನ್ ಡಬ್ಬಿಯ ಚೀಲದಿಂದ ಕನಕಾಂಬರದ ದಂಡೆ ತೆಗೆದಳು, ನಡುನಡುವೆ ಮರುಗ ಸೇರಿಸಿ ಕಟ್ಟಿದ್ದು. ನಡುವಿಗೆ ಹಲ್ಲಿನಿಂದ ದಾರ ಕಚ್ಚಿ ಎರಡು ತುಂಡು ಮಾಡಿ, ಒಂದನ್ನು ಪಕ್ಕದವಳ ಜಡೆಗೆ ತಾನೇ ಸಿಕ್ಕಿಸಿದಳು. ಕನಕಾಂಬರಕ್ಕೆ ಘಮ ಇಲ್ಲ, ಆದರೆ ಸಂಜೆತನಕ ಬಾಡುವುದಿಲ್ಲ. ಪಾಳಿಯ ಲೆಕ್ಕ ಬಲ್ಲವರು ಆರಿಸುವ ಹೂವು ಅದು. ಕೆಲಸದ ಮೇಜಿನಲ್ಲಿ ಇದನ್ನು ಯಾರು ನೋಡುತ್ತಾರೆ? ತಲೆಗೆ ಟೋಪಿ ಬಂದರೆ ಅದೂ ಮುಚ್ಚಿಹೋಗುತ್ತದೆ. ಯಾರನ್ನೋ ಮೆಚ್ಚಿಸಲು ಮುಡಿಯುತ್ತಾರೆ ಎನ್ನುವವರು ಈ ಬಸ್ಸನ್ನು ಹತ್ತಿಲ್ಲ.

ಇವೆಲ್ಲ ಕ್ಷುಲ್ಲಕ ಎನ್ನುವವರಿಗೆ ನನ್ನದೊಂದು ಪ್ರಶ್ನೆ. ಕ್ಷುಲ್ಲಕವಾಗಿದ್ದರೆ ಗಂಡ ಸತ್ತವಳಿಂದ ಮೊದಲು ಕಿತ್ತುಕೊಂಡದ್ದು ಇವನ್ನೇ ಯಾಕೆ? ಹೊಲ, ಮನೆ, ಒಡವೆಯ ಜಗಳ ಆಮೇಲೆ. ಮೊದಲು ಒಡೆದದ್ದು ಬಳೆ, ಅಳಿಸಿದ್ದು ಕುಂಕುಮ, ತೆಗೆದದ್ದು ಹೂವು. ಒಂದು ಮೊಳ ಹೂವಿಗೆ ಎಷ್ಟು ಬಲವಿದೆ ಎಂಬುದು ಆ ಕೆಲಸ ಮಾಡಿದವರಿಗೆ ನಮ್ಮ ಭಾಷಣಕಾರರಿಗಿಂತ ಚೆನ್ನಾಗಿ ಗೊತ್ತಿತ್ತು. ತಲೆ ತಗ್ಗಿಸಿ ಮೂಲೆಯಲ್ಲಿ ಕೂರುವ ಹೆಂಗಸನ್ನು ತಯಾರಿಸಬೇಕಾದರೆ ಕನ್ನಡಿಯಿಂದಲೇ ಶುರುಮಾಡಬೇಕು! ಈ ಕಟ್ಟು ಮುರಿದವರೂ ಇದ್ದಾರೆ. 2013ರಲ್ಲಿ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ ಜನಾರ್ದನ ಪೂಜಾರಿಯವರ ಮುತುವರ್ಜಿಯಿಂದ ಇಬ್ಬರು ವಿಧವೆಯರು ಅರ್ಚಕರಾದರು. 2022ರ ಮೇ ತಿಂಗಳಲ್ಲಿ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮಸಭೆ, ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿಯನ್ನೇ ಕೈಬಿಡಬೇಕೆಂದು ನಿರ್ಣಯ ಮಾಡಿತು. ಒಂದು ಊರು ಸಭೆ ಸೇರಿ ಠರಾವು ಮಾಡಬೇಕಾದಷ್ಟು ದೊಡ್ಡ ಸಂಗತಿ ಇದು.

1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಅಂಬೇಡ್ಕರ್ ಅವರು ಹೆಂಗಸರಿಗೆ ಹೇಳಿದ್ದನ್ನೂ ನೆನೆಯಬೇಕು. ಅಸ್ಪೃಶ್ಯರೆಂದು ದೂರದಿಂದಲೇ ಗುರುತು ಹೇಳುವ ಒಡವೆಗಳನ್ನು ತೆಗೆದುಹಾಕಿ, ಸೀರೆಯನ್ನು ಮೇಲ್ಜಾತಿಯ ಹೆಂಗಸರಂತೆಯೇ ಉಡಿ ಎಂದರು. ಮರುದಿನ ಹೆಂಗಸರು ಹಾಗೇ ಉಟ್ಟು ಬಂದರು. ಇಲ್ಲಿ ತೊಟ್ಟದ್ದರಷ್ಟೇ ತೆಗೆದದ್ದಕ್ಕೂ ಬೆಲೆ. ದಲಿತ ಚಳವಳಿ ಬೇರುಬಿಟ್ಟ ಕೋಲಾರದಲ್ಲಿ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

ಹೆಣ್ಣುಮಕ್ಕಳ ಸಂಬಳವೆಲ್ಲ ಸ್ನೋ ಪೌಡರಿಗೇ ಹೋಗುತ್ತದೆ ಎನ್ನುವವರು ಮೊದಲು ತಮ್ಮ ಊರಿನ ಬಾರಿನ ಲೆಕ್ಕ ಕೊಡಲಿ. ನಾನು ಗೌರವಿಸುವ ಆಕ್ಷೇಪಗಳು ಬೇರೆ. ಒಂದು ಅಕ್ಕಮಹಾದೇವಿಯದು. ಉಡುಗೆಯನ್ನೇ ಬಿಟ್ಟು ಕೂದಲನ್ನು ಹೊದ್ದು ನಡೆದವಳ ಮುಂದೆ ಕಾಡಿಗೆಯ ಪರವಾಗಿ ವಾದ ಹೂಡಲು ನಾಲಿಗೆ ಏಳುವುದಿಲ್ಲ. ಆದರೆ ಅವಳದೂ ಅವಳ ಮೈಮೇಲೆ ಅವಳೇ ಮಾಡಿದ ತೀರ್ಮಾನ. ಕೌಶಿಕ ಮಾಡಿದ್ದಲ್ಲ, ಕಲ್ಯಾಣದ ಶರಣರು ಮಾಡಿದ್ದೂ ಅಲ್ಲ.

ಇನ್ನೊಂದು ಆಕ್ಷೇಪ ಅಂಗಡಿಯದು, ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ ಮುಲಾಮು, ಕಪ್ಪು ಮೈಯ ಹುಡುಗಿಗೆ ಗಂಡೂ ಸಿಗದು, ಕೆಲಸವೂ ಸಿಗದು ಎಂದು ದಶಕಗಳ ಕಾಲ ಜಾಹೀರಾತಿನಲ್ಲಿ ಹೆದರಿಸಿ, 2020ರಲ್ಲಿ ಹೆಸರಿನಿಂದ 'ಫೇರ್' ತೆಗೆದು ಗ್ಲೋ ಅಂಡ್ ಲವ್ಲಿ ಆಯಿತು. ಮೊದಲು ಅಳುಕನ್ನು ಮಾರಿ, ಆಮೇಲೆ ಅದಕ್ಕೆ ಮದ್ದು ಮಾರುವ ವ್ಯಾಪಾರವಿದು. ಕನಕಾಂಬರ ಮುಡಿಯುವವಳನ್ನೂ ಮುಲಾಮು ಹಚ್ಚುವವಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎನ್ನಬಲ್ಲೆ; ಇಬ್ಬರೂ ಒಬ್ಬಳೇ ಆಗಿರುವುದೂ ಉಂಟು ಎಂಬುದನ್ನು ಅಲ್ಲಗಳೆಯಲಾರೆ. ಹೂವಿಲ್ಲದ ದಿನವೂ ಅವಳು ಬಸ್ಸು ಹತ್ತುತ್ತಾಳೆ, ಮುಲಾಮಿಲ್ಲದ ದಿನ ಬಾಗಿಲು ದಾಟಲು ಹಿಂಜರಿಯುತ್ತಾಳೆ. ನನಗೆ ಕಾಣುವ ವ್ಯತ್ಯಾಸ ಇಷ್ಟು.

ಉಡುಗೆಯಿಂದ ಬಲ ಬರುವುದಕ್ಕೆ ವಿಜ್ಞಾನದ ಪುರಾವೆ ಕೇಳುವವರೂ ಇದ್ದಾರೆ. ವೈದ್ಯರ ಬಿಳಿ ಕೋಟು ಎಂದು ಹೇಳಿ ತೊಡಿಸಿದರೆ ಜನರ ಗಮನ ಚುರುಕಾಗುತ್ತದೆ ಎಂದು 2012ರಲ್ಲಿ ಅಮೆರಿಕದ ಸಂಶೋಧಕರು ಬರೆದರು. ಕೆಲವು ವರ್ಷಗಳ ನಂತರ ಬೇರೆಯವರು ಅದೇ ಪ್ರಯೋಗ ಮಾಡಿದಾಗ ಅದೇ ಫಲ ಬರಲಿಲ್ಲ. ಕೋಟು ಯಾರೋ ತೊಡಿಸಿದ್ದಾದರೆ ನನಗೇನೂ ಆಶ್ಚರ್ಯವಿಲ್ಲ.

ಕಾರ್ಖಾನೆಯಲ್ಲಿ ಸಣ್ಣ ಬಿಡಿಭಾಗ ಜೋಡಿಸುವ ಕಡೆ ಬಳೆ ಬೇಡ ಎಂದರೆ ಕಾರಣ ಕಣ್ಣಿಗೆ ಕಾಣುತ್ತದೆ, ಯಾರೂ ತಕರಾರು ಮಾಡುವುದಿಲ್ಲ. ತರಗತಿಯಲ್ಲಿ ಹೂವು ಬೇಡ, ಬಳೆ ಬೇಡ, ಮದರಂಗಿ ಬೇಡ ಎನ್ನುವ ಶಾಲೆ-ಕಾಲೇಜುಗಳು ಕೂಡ ಕಾರಣವನ್ನು ಅದೇ ನೋಟಿಸು ಬೋರ್ಡಿನಲ್ಲಿ ಬರೆಯಲಿ. ಹುಡುಗರ ಗಮನ ಕೆಡುತ್ತದೆ ಎನ್ನುವುದೇ ಕಾರಣವಾದರೆ, ಆ ನೋಟಿಸು ಅಂಟಬೇಕಾದದ್ದು ಹುಡುಗರ ಹಾಸ್ಟೆಲಿನ ಗೋಡೆಗೆ.