ಬೆಂಕಿ ಆರಿದ ಮೇಲೆ

ಬೆಂಕಿಗೆ ಬಡವ, ಬಲ್ಲಿದ ಎಂಬ ಭೇದವಿಲ್ಲ ಎನ್ನುತ್ತಾರೆ. 1871ರ ಅಕ್ಟೋಬರ್ 8ರ ರಾತ್ರಿ ಅಮೆರಿಕದ ಶಿಕಾಗೊದಲ್ಲಿ ಹೊತ್ತಿದ ಬೆಂಕಿಯ ಮಟ್ಟಿಗೆ ಇದು ಬಹುಪಾಲು ನಿಜ. ವ್ಯಾಪಾರ ಕೇಂದ್ರ, ಸಿರಿವಂತರ ಬಂಗಲೆ, ಕೂಲಿಕಾರರ ಮರದ ಮನೆ ಎಲ್ಲವೂ ಒಟ್ಟಿಗೇ ಉರಿದವು. ಸುಮಾರು 300 ಜನ ಸತ್ತರು. ಮೂರು ಲಕ್ಷ ಜನರಿದ್ದ ಊರಲ್ಲಿ ಒಂದು ಲಕ್ಷ ಜನರಿಗೆ ಸೂರಿಲ್ಲದಂತಾಯಿತು. ಭೇದ ಶುರುವಾದದ್ದು ಬೂದಿ ತಣ್ಣಗಾದ ಮೇಲೆ.

ಮೊದಲು ಒಬ್ಬ ಅಪರಾಧಿ ಬೇಕಾಯಿತು. ಕ್ಯಾಥರಿನ್ ಓಲಿಯರಿ ಎಂಬ ಐರಿಷ್ ವಲಸೆಗಾರ್ತಿಯ ಹಸು ಕಂದೀಲನ್ನು ಒದ್ದು ಕೆಡವಿತು ಎಂಬ ಕಥೆ ಹಬ್ಬಿತು. ಬೆಂಕಿ ಎದ್ದದ್ದು ಅವಳ ಕೊಟ್ಟಿಗೆಯ ಬಳಿ ಎಂಬುದು ನಿಜ, ಕಾರಣ ಇಂದಿಗೂ ಖಚಿತವಿಲ್ಲ. ಮಳೆಯಿಲ್ಲದೆ ಒಣಗಿದ ಊರು, ಮರದ ಮನೆಗಳು, ಮರದ ಕಾಲುದಾರಿಗಳು, ಜೋರು ಗಾಳಿ ಇವೆಲ್ಲವನ್ನು ಬಿಟ್ಟು ಹಾಲು ಮಾರುವ ಬಡ ಹೆಂಗಸನ್ನು ದೂರುವುದು ಸುಲಭವಾಗಿತ್ತು. ನಗರಸಭೆ ಅವಳನ್ನು ದೋಷಮುಕ್ತಗೊಳಿಸಿದ್ದು 1997ರಲ್ಲಿ!

ಆಮೇಲೆ ಬಂದದ್ದು ಕಾನೂನು. ಬೆಂಕಿಯ ನಂತರ ಮೇಯರ್ ಆದ ಜೋಸೆಫ್ ಮೆಡಿಲ್, ಊರೊಳಗೆ ಇನ್ನು ಮರದ ಮನೆ ಕಟ್ಟುವಂತಿಲ್ಲ ಎಂದು ನಿಯಮ ತರಹೊರಟರು. ಕೇಳಲು ಎಷ್ಟು ಸರಿಯಾದ ಮಾತು! ಆದರೆ ಉತ್ತರ ಭಾಗದ ಜರ್ಮನ್ ಕೆಲಸಗಾರರ ಬಳಿ ಜಾಗವಿತ್ತು, ಇಟ್ಟಿಗೆ ಕೊಳ್ಳುವ ಹಣವಿರಲಿಲ್ಲ. ಮರದ ಮನೆ ಬೇಡವೆಂದರೆ ಅವರಿಗೆ ಮನೆಯೇ ಬೇಡವೆಂದಂತೆ. 1872ರ ಜನವರಿಯಲ್ಲಿ ಅವರು ನಗರಸಭೆಗೆ ಮೆರವಣಿಗೆ ಹೋದರು. ನಿಷೇಧದ ಗಡಿ ಹಿಂದೆ ಸರಿಯಿತು. ಆದರೆ 1874ರಲ್ಲಿ ಮತ್ತೊಂದು ದೊಡ್ಡ ಬೆಂಕಿ ಬಿದ್ದಾಗ ವಿಮಾ ಕಂಪನಿಗಳು ಪಟ್ಟು ಹಿಡಿದವು, ನಿಷೇಧ ಊರಿಗೆಲ್ಲ ವಿಸ್ತರಿಸಿತು. ಕೈಯಲ್ಲಿ ಕಾಸಿಲ್ಲದವರು ಗಡಿಯಾಚೆ ಹೋಗಿ ಮತ್ತೆ ಮರದ ಮನೆಗಳನ್ನೇ ಕಟ್ಟಿಕೊಂಡರು. ಅಪಾಯ ಅಳಿಯಲಿಲ್ಲ, ಊರ ಹೊರಗೆ ಹೋಯಿತು ಅಷ್ಟೆ. ಊರ ನಡುವೆ 1885ರಲ್ಲಿ ಉಕ್ಕು, ಕಬ್ಬಿಣದ ಚೌಕಟ್ಟಿನ ಹತ್ತು ಮಹಡಿಯ ಹೋಮ್ ಇನ್ಶೂರೆನ್ಸ್ ಕಟ್ಟಡ ಎದ್ದಿತು. ಚರಿತ್ರೆಯ ಪುಸ್ತಕಗಳು ಹೊಗಳುವುದು ಇದನ್ನೇ.

ಹಾಗಾದರೆ ಮರದ ಮನೆಗಳೇ ಇರಲಿ ಎನ್ನಬೇಕೆ? ಖಂಡಿತ ಇಲ್ಲ. 1874ರ ಬೆಂಕಿಯೇ ಮೆಡಿಲ್ ಅವರ ಆತಂಕ ಸುಳ್ಳಲ್ಲವೆಂದು ತೋರಿಸಿತು. ನನ್ನ ತಕರಾರು ನಿಯಮದ ಬಗ್ಗೆ ಅಲ್ಲ, ಅದರ ಖರ್ಚನ್ನು ಯಾರ ತಲೆಗೆ ಕಟ್ಟಿದರು ಎಂಬುದರ ಬಗ್ಗೆ. ಸುರಕ್ಷತೆ ಇಡೀ ಊರಿಗೆ ಬೇಕಾದದ್ದಾದರೆ ಇಟ್ಟಿಗೆಯ ಹಣವೂ ಇಡೀ ಊರಿನದಾಗಬೇಕಿತ್ತು.

ಇದು ದೂರದ ಕಥೆಯೆಂದು ಮುಂಬೈಯಲ್ಲಿರುವ ನಾವು ಅಂದುಕೊಳ್ಳಬೇಕಿಲ್ಲ. 1803ರ ಫೆಬ್ರವರಿಯಲ್ಲಿ ಇಲ್ಲಿನ ಕೋಟೆಯೊಳಗಿನ ಪೇಟೆ ಸುಟ್ಟಿತು. ಕೋಟೆಯ ಹೊರಗೆ, ಬಯಲಿನಾಚೆ, ದೇಶೀಯರ ದಟ್ಟ ಪೇಟೆ ಬೆಳೆಯಲು ಆ ಬೆಂಕಿಯೂ ಒಂದು ಕಾರಣವಾಯಿತು. ಕಾಲ್ಬಾದೇವಿ, ಭುಲೇಶ್ವರದ ಗಲ್ಲಿಗಳಲ್ಲಿ ನಡೆಯುವಾಗ ಆ ಹಳೆಯ ಬೆಂಕಿ ನೆನಪಾಗುವುದು ಎಷ್ಟು ಜನರಿಗೆ?

ಇಂದಿಗೂ ನಮ್ಮ ನಗರಗಳಲ್ಲಿ ಜೋಪಡಿಗಳಿಗೋ ಹಳೆಯ ಮಾರುಕಟ್ಟೆಗೋ ಬೆಂಕಿ ಬಿದ್ದರೆ, ಹೇಗೆ ಹೊತ್ತಿತು ಎಂದು ಎರಡು ದಿನ ಕೇಳಿ ಸುಮ್ಮನಾಗುತ್ತೇವೆ. ಕೇಳಬೇಕಾದ್ದು ಆರು ತಿಂಗಳ ನಂತರ: ಅಲ್ಲಿ ಈಗ ಏನು ಕಟ್ಟುತ್ತಿದ್ದಾರೆ? ಮೊದಲು ಇದ್ದವರಲ್ಲಿ ಎಷ್ಟು ಮಂದಿ ವಾಪಸು ಬಂದರು?