ಕ್ಯಾಮೆರಾ ಬದಲಿಸುವ ಮುಂಚೆ ಲೆನ್ಸ್ ಬದಲಿಸಿ

ಕಳೆದ ಶಿವರಾತ್ರಿ ಮುಗಿದ ಮೇಲೆ ಪಕ್ಕದ ಊರಿನಲ್ಲಿ ಬಯಲಾಟ ಇತ್ತು. ನಮ್ಮ ತಂಡದವರು ಮಿರರ್‌ಲೆಸ್ ಕ್ಯಾಮೆರಾ ಹಿಡಿದು ಬೆಳಗಿನ ಜಾವದವರೆಗೂ ವೇದಿಕೆ ಮುಂದೆ ಕೂತಿದ್ದೆವು. ಬೆಳಿಗ್ಗೆ ಲ್ಯಾಪ್‌ಟಾಪ್‌ಗೆ ಹಾಕಿ ನೋಡಿದರೆ ಇನ್ನೂರು ಫೋಟೊಗಳಲ್ಲಿ ನಾಲ್ಕೂ ಬಳಸುವಂತಿರಲಿಲ್ಲ. ಭೀಮನ ಪಾತ್ರಧಾರಿ ಹೆಜ್ಜೆ ಹಾಕಿದಾಗೆಲ್ಲ ಗದೆ, ಕೈ, ಕಾಲು ಎಲ್ಲ ಕಲಸಿಹೋಗಿದ್ದವು. ತಿಂಗಳುಗಟ್ಟಲೆ ತಾಲೀಮು ಮಾಡಿದ್ದ ಆ ಕಲಾವಿದರು ಫೋನ್ ಮಾಡಿ "ನಮ್ ಫೋಟೊ ಕಳಸ್ರಿ" ಅಂದಾಗ ನಮಗೆ ಏನು ಹೇಳಬೇಕೋ ತೋಚಲಿಲ್ಲ.

"ಕ್ಯಾಮೆರಾ ಹಳೇದಾಯ್ತು, ಹೊಸದು ತಗೊಳ್ಳಿ" ಎಂದು ಹಲವರು ಹೇಳಿದರು. ನಮ್ಮ ಅಭಿಪ್ರಾಯ ಬೇರೆ. ಹಳ್ಳಿಯಲ್ಲಿ ಸುದ್ದಿ, ಜಾತ್ರೆ, ಆಟ, ಗ್ರಾಮಸಭೆ ಅಂತ ಓಡಾಡುವವರ ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಮೊದಲು ಕೊಳ್ಳಬೇಕಾದದ್ದು ಒಂದು ಒಳ್ಳೆಯ ವೈಡ್ ಪ್ರೈಮ್ ಲೆನ್ಸ್. ಪ್ರೈಮ್ ಅಂದರೆ ಜೂಮ್ ಇಲ್ಲದ ಲೆನ್ಸ್.

ಕಾರಣ ಬೆಳಕು. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸ್ ಪೂರ್ತಿ ತೆರೆದರೂ ಸಾಮಾನ್ಯವಾಗಿ ಎಫ್ 3.5, ಕೆಲವು ಕ್ಯಾನನ್ ಕಿಟ್‌ಗಳಲ್ಲಿ ಎಫ್ 4.5. ಈ ಅಂಕಿ ಚಿಕ್ಕದಾದಷ್ಟೂ ಬೆಳಕು ಬರುವ ಕಿಂಡಿ ದೊಡ್ಡದು. ಎಫ್ 1.4 ಲೆನ್ಸ್, ಎಫ್ 3.5ಕ್ಕಿಂತ ಆರು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಕಿಟ್ ಲೆನ್ಸಿನಲ್ಲಿ ಸೆಕೆಂಡಿನ 1/30 ಭಾಗ ಬೇಕಾಗುವ ಫೋಟೊವನ್ನು ಇದರಲ್ಲಿ ಸುಮಾರು 1/200ರಲ್ಲಿ ತೆಗೆಯಬಹುದು. ಕುಣಿಯುವ ಕಾಲು ಬಹುಮಟ್ಟಿಗೆ ನಿಂತು ಸಿಗುತ್ತದೆ. ಕಿಟ್ ಲೆನ್ಸಿನಲ್ಲಿರುವ ನಡುಕ ತಡೆಯುವ ವ್ಯವಸ್ಥೆ ನಮ್ಮ ಕೈ ನಡುಕವನ್ನು ಮಾತ್ರ ತಡೆಯುತ್ತದೆ, ಭೀಮನ ಕುಣಿತವನ್ನಲ್ಲ.

ಇನ್ನು ಎಷ್ಟು ಅಗಲದ ಲೆನ್ಸ್ ಬೇಕು? ಇಲ್ಲೇ ನಾವು ಎಡವಿದ್ದು. ನಮ್ಮದು ಎಪಿಎಸ್-ಸಿ ಸೆನ್ಸರ್‌ನ ಸೋನಿ ಕ್ಯಾಮೆರಾ. ಸೋನಿಯ 11 ಮಿ.ಮೀ. ಎಫ್ 1.8 ಲೆನ್ಸ್ ಬರೀ 181 ಗ್ರಾಂ. ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕದು. ಗೆಳೆಯರೊಬ್ಬರಿಂದ ಎರವಲು ತಂದು ಗ್ರಾಮಸಭೆಗೆ ಹೋದೆವು. ಇಡೀ ಸಭೆ ಒಂದೇ ಫೋಟೊದಲ್ಲಿ ಬಂತು, ನಮಗೂ ಖುಷಿಯಾಯಿತು. ಆದರೆ ಅಂಚಿನಲ್ಲಿ ಕೂತಿದ್ದ ಅಜ್ಜಿಯೊಬ್ಬರ ಮುಖ ಅಗಲಕ್ಕೆ ಎಳೆದಂತೆ ಆಗಿತ್ತು. ಮೊಮ್ಮಗನ ಮೊಬೈಲಿನಲ್ಲಿ ನೋಡಿದ ಅವರು, "ಯಾಕ್ರಪ್ಪಾ, ನನ್ ಮಾರಿ ಹಿಂಗ್ಯಾಕ ಮಾಡೀರಿ?" ಎಂದು ಕೇಳಿದರು. ಸುತ್ತ ಇದ್ದವರು ನಕ್ಕರು, ಅಜ್ಜಿ ನಗಲಿಲ್ಲ. ಪಿಂಚಣಿ ನಿಂತಿದೆ ಎಂದು ಹೇಳಲು ಬಂದಿದ್ದವರು ಅವರು. ಆ ಫೋಟೊ ತೆಗೆದುಹಾಕಿದೆವು.

ಅದು ಲೆನ್ಸಿನ ದೋಷವಲ್ಲ. ತೀರಾ ಅಗಲದ ಲೆನ್ಸ್ ಯಾವುದೇ ಆದರೂ ಅಂಚಿನಲ್ಲಿರುವುದನ್ನು ಎಳೆಯುತ್ತದೆ, ಹತ್ತಿರದ್ದನ್ನು ದೊಡ್ಡದಾಗಿ ತೋರಿಸುತ್ತದೆ. ರಸ್ತೆಯ ಗುಂಡಿಗೆ ಮೂತಿ ಇಟ್ಟು ತೆಗೆದರೆ ಅದು ಬಾವಿಯ ಹಾಗೆ ಕಾಣುತ್ತದೆ. ಮನೆ, ಗುಡಿಯ ಒಳಾಂಗಣ ತೆಗೆಯುವವರಿಗೆ ಅದು ಬೇಕು. ಸುದ್ದಿಗೆ ಫೋಟೊ ತೆಗೆಯುವ ನಮ್ಮಂಥವರು ಹುಷಾರಾಗಿರಬೇಕು. ಒಮ್ಮೆ ಜನ "ಇವರು ಉಬ್ಬಿಸಿ ತೋರಿಸ್ತಾರೆ" ಎಂದುಕೊಂಡರೆ ಮುಂದೆ ನಿಜವಾದ ಗುಂಡಿಯನ್ನೂ ನಂಬುವುದಿಲ್ಲ.

ಹಾಗಾಗಿ ನಾವು 16 ಮಿ.ಮೀ.ಗೆ ಬಂದೆವು. ಎಪಿಎಸ್-ಸಿ ಕ್ಯಾಮೆರಾದಲ್ಲಿ ಇದು ಫುಲ್ ಫ್ರೇಮ್‌ನ 24 ಮಿ.ಮೀ.ನಷ್ಟು ಅಗಲ ನೋಡುತ್ತದೆ. ಸಣ್ಣ ಕೋಣೆಯಲ್ಲಿ ಕೂತ ಸ್ವಸಹಾಯ ಸಂಘದವರೆಲ್ಲ ಬರುತ್ತಾರೆ, ತೀರಾ ಅಂಚಿಗೆ ಕೂರಿಸದಿದ್ದರೆ ಮುಖಗಳೂ ಮುಖದಂತೆಯೇ ಇರುತ್ತವೆ.

ಆಯ್ಕೆಗಳು ಹೀಗಿವೆ. 2017ರಲ್ಲಿ ಬಂದ ಸಿಗ್ಮಾ 16 ಮಿ.ಮೀ. ಎಫ್ 1.4 ಬೇರೆ ಬೇರೆ ಕಂಪನಿಗಳ ಕ್ಯಾಮೆರಾಗೂ ಸಿಗುತ್ತದೆ, ಆದರೆ ತೂಕ 405 ಗ್ರಾಂ. ಸೋನಿಯ 15 ಮಿ.ಮೀ. ಎಫ್ 1.4 ಬರೀ 219 ಗ್ರಾಂ, ಬೆಲೆ ಮಾತ್ರ ಸಿಗ್ಮಾಗಿಂತ ಜಾಸ್ತಿ. ಕ್ಯಾನನ್ ಆರ್‌ಎಫ್ 16 ಮಿ.ಮೀ. ಇನ್ನೂ ಹಗುರ, 165 ಗ್ರಾಂ. ಆದರೆ ಅದು ಎಫ್ 2.8. ಎಫ್ 4.5 ಕಿಟ್‌ಗಿಂತ ಎರಡೂವರೆ ಪಟ್ಟು ಬೆಳಕು ಕೊಡುತ್ತದೆ, ಆರು ಪಟ್ಟಲ್ಲ.

ಚಿಕ್ಕ ಲೆನ್ಸ್ ಬೈಕಿನ ಚೀಲಕ್ಕೆ ಹಗುರ ಅನ್ನುವುದಷ್ಟೇ ಅಲ್ಲ. ಉದ್ದನೆಯ ಲೆನ್ಸ್ ಕಂಡ ಕೂಡಲೇ ನಮ್ಮೂರುಗಳಲ್ಲಿ ಜನ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತುಬಿಡುತ್ತಾರೆ, ಮಾತು ನಿಲ್ಲುತ್ತದೆ. ದುಡ್ಡಿದ್ದಿದ್ದರೆ ನಾವು 15 ಮಿ.ಮೀ. ತರುತ್ತಿದ್ದೆವು. ಇಲ್ಲದ್ದರಿಂದ ಎಲ್ಲರೂ ಒಂದಿಷ್ಟು ಹಾಕಿ ಸಿಗ್ಮಾ ಲೆನ್ಸನ್ನು ಸೆಕೆಂಡ್ ಹ್ಯಾಂಡ್ ತಂದೆವು. ಬೆಳಕು ಮೊದಲು, ಅಗಲ ಆಮೇಲೆ, ತೂಕ ಕೊನೆಗೆ ಎಂಬುದು ನಮ್ಮ ಲೆಕ್ಕ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಲೆನ್ಸಿನೊಳಗೆ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು, ವಾಪಸ್ ಕೊಟ್ಟುಬಿಡಿ. ನಿಮ್ಮ ಕ್ಯಾಮೆರಾಗೇ ಹಾಕಿ, ಹತ್ತಿರ ದೂರ ಎರಡಕ್ಕೂ ಫೋಕಸ್ ಆಗುತ್ತದೆಯೇ ನೋಡಿ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ.

ಈ ಲೆನ್ಸಿಗೆ ಆಗದ್ದೂ ಇದೆ. ತೇರಿನ ಕಳಸ, ಅಂಕಣದಾಚೆಯಿಂದ ಕಬಡ್ಡಿ, ಇವಕ್ಕೆ ಜೂಮ್ ಬೇಕು. ಕಿಟ್ ಲೆನ್ಸ್ ಮಾರಬೇಡಿ. ಹಗಲಲ್ಲಷ್ಟೇ ಫೋಟೊ ತೆಗೆಯುವವರಾದರೆ ಈ ಖರ್ಚೇ ಬೇಡ.

ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ನಿಮ್ಮ ಮೊಬೈಲಿನ ಮುಖ್ಯ ಕ್ಯಾಮೆರಾ, ಅಂದರೆ 1x, ಹೆಚ್ಚುಕಡಿಮೆ ಇಷ್ಟೇ ಅಗಲ ನೋಡುತ್ತದೆ. ಒಂದು ವಾರ ಜೂಮ್ ಮುಟ್ಟದೆ, 0.5ಕ್ಕೂ ಹೋಗದೆ ಅದರಲ್ಲೇ ತೆಗೆಯಿರಿ. ದೂರ ಅನ್ನಿಸಿದರೆ ಕೇಳಿಕೊಂಡು ಎರಡು ಹೆಜ್ಜೆ ಮುಂದೆ ಹೋಗಿ. ಆ ಎರಡು ಹೆಜ್ಜೆ ನಿಮಗೆ ಸಂಕೋಚ ಅನ್ನಿಸಿದರೆ ಈ ಲೆನ್ಸ್ ನಿಮಗೆ ಒಗ್ಗುವುದಿಲ್ಲ. ಹಿತ ಅನ್ನಿಸಿದರೆ ಧೈರ್ಯವಾಗಿ ಕೊಳ್ಳಿ.

ಆ ಬಯಲಾಟದ ತಂಡ ಬರುವ ತಿಂಗಳು ಮತ್ತೆ ವೇದಿಕೆ ಹತ್ತುತ್ತಿದೆ. ಈ ಸಲ ಫೋಟೊ ಕಳಿಸುತ್ತೇವೆ ಎಂದು ಭೀಮನ ಪಾತ್ರಧಾರಿಗೆ ಮಾತು ಕೊಟ್ಟಿದ್ದೇವೆ.